ಚಳಿಗಾಲ ಮುಗಿಯುವ ಮುಂಚೆ ತರಕಾರಿ ಪ್ಲಾಟ್‌ನಲ್ಲಿ ಏನೇನು ಕೆಲಸ? ಬೀಜ ಯಾವಾಗ ಹಾಕಬೇಕು?

ಹೊಸಪಾತಿ

ಎಲ್ಲರಿಗೂ ನಮಸ್ಕಾರ. ತುಂಬಾ ಕಾದ ಮೇಲೆ ನಮಗೂ ಸಮುದಾಯ ತೋಟದಲ್ಲಿ ಒಂದು ಪ್ಲಾಟ್ ಸಿಕ್ಕಿದೆ. ಹಿಂದೆ ಇದ್ದವರು ಬಿಟ್ಟು ಬಹಳ ಕಾಲ ಆಗಿರಬೇಕು. ಅರ್ಧ ಭಾಗ ಹುಲ್ಲು, ಇನ್ನರ್ಧದಲ್ಲಿ ಕೊಳೆತ ಕೋಸಿನ ದಂಟು. ಬೆಳಿಗ್ಗೆ ಹೋದರೆ ನೆಲ ಹೆಪ್ಪುಗಟ್ಟಿರುತ್ತದೆ, ಮಧ್ಯಾಹ್ನ ಕಾಲಿಟ್ಟರೆ ಪೂರ್ತಿ ಕೆಸರು.

ಮನೆಯಲ್ಲಿ ಒಂದು ಡಬ್ಬಿ ತುಂಬಾ ಬೀಜದ ಪ್ಯಾಕೆಟ್ ಇವೆ. ಟೊಮೆಟೊ, ಮೆಣಸಿನಕಾಯಿ, ಬದನೆ, ಈರುಳ್ಳಿ, ಬಟಾಣಿ, ಕ್ಯಾರೆಟ್, ಸೌತೆ, ಕುಂಬಳ. ಕಿಟಕಿ ಪಕ್ಕ ಜಾಗವೂ ಇದೆ. ಈಗಲೇ ಎಲ್ಲಾ ಹಾಕಿಬಿಡೋಣ ಅನ್ನಿಸುತ್ತಿದೆ. ಪ್ಲಾಟ್ ಅನ್ನು ಮೊದಲು ಪೂರ್ತಿ ಅಗೆಯಬೇಕಾ? ಯಾವ ಬೀಜ ಈಗ, ಯಾವುದು ಆಮೇಲೆ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಬೇರುಬಿಳಲು

ಪ್ಲಾಟ್ ಸಿಕ್ಕಿದ್ದಕ್ಕೆ ಮೊದಲು ಅಭಿನಂದನೆ! ಆ ಡಬ್ಬಿಯನ್ನು ಸ್ವಲ್ಪ ಹೊತ್ತು ಮುಚ್ಚಿಟ್ಟು ಒಂದು ಕ್ಯಾಲೆಂಡರ್ ತೆಗೆದುಕೊಳ್ಳಿ. ನಿಮ್ಮ ಕಡೆ ಸಾಮಾನ್ಯವಾಗಿ ಕೊನೆಯ ಫ್ರಾಸ್ಟ್, ಅಂದರೆ ಹೆಪ್ಪುಗಟ್ಟಿದ ಇಬ್ಬನಿ, ಯಾವಾಗ ಬೀಳುತ್ತದೆ ಅಂತ ಅಕ್ಕಪಕ್ಕದ ಪ್ಲಾಟ್‌ನವರನ್ನು ಕೇಳಿ. ಆ ದಿನಕ್ಕೆ ಗುರುತು ಹಾಕಿ, ಅಲ್ಲಿಂದ ಹಿಂದಕ್ಕೆ ವಾರ ಎಣಿಸಿ.

ಈರುಳ್ಳಿ ಬೀಜಕ್ಕೆ 10ರಿಂದ 12 ವಾರ ಬೇಕು. ಮೆಣಸಿನಕಾಯಿ, ದೊಣ್ಣೆಮೆಣಸು, ಬದನೆ ನಿಧಾನದವು, 8ರಿಂದ 10 ವಾರ. ಟೊಮೆಟೊಗೆ 6ರಿಂದ 8 ವಾರ ಸಾಕು. ಸೌತೆ, ಕುಂಬಳಕ್ಕೆ 3ರಿಂದ 4 ವಾರ, ಅದಕ್ಕಿಂತ ಜಾಸ್ತಿ ಬೇಡವೇ ಬೇಡ. ಅವುಗಳ ಬೇರು ಕದಲಿದರೆ ಗಿಡ ಮುನಿಸಿಕೊಳ್ಳುತ್ತದೆ. ಕುಂಡದಲ್ಲಿ ದೊಡ್ಡದಾದಷ್ಟೂ ನಾಟಿ ಮಾಡುವಾಗ ಕಷ್ಟ. ಕ್ಯಾರೆಟ್ ಅಂತೂ ಟ್ರೇಯಲ್ಲಿ ಹಾಕಲೇಬೇಡಿ, ನೇರವಾಗಿ ಪಾತಿಯಲ್ಲೇ ಬಿತ್ತಬೇಕು. ಟ್ರೇಯಿಂದ ಕಿತ್ತು ನೆಟ್ಟರೆ ಬೇರು ಕವಲೊಡೆದು ಸೊಟ್ಟ ಆಗುತ್ತದೆ.

ಬೇಗ ಹಾಕಿದರೆ ಬೇಗ ಕಾಯಿ ಅಂತೇನಿಲ್ಲ. ಹೊರಗೆ ನೆಡಲು ಆಗದೆ ಚಿಕ್ಕ ಕುಂಡದಲ್ಲಿ ಕಾಯುವ ಟೊಮೆಟೊ ಸಸಿಯ ಬೇರು ಒಳಗೇ ಸುತ್ತಿಕೊಳ್ಳುತ್ತದೆ, ಕೆಳಗಿನ ಎಲೆ ಹಳದಿಯಾಗುತ್ತದೆ. ಒಂದು ತಿಂಗಳು ತಡವಾಗಿ ಬಿತ್ತಿದ ಸಸಿ ನೆಲಕ್ಕೆ ಹೋದ ಮೇಲೆ ಎಷ್ಟೋ ಸಲ ಅದನ್ನು ಹಿಂದೆ ಹಾಕುತ್ತದೆ.

ಕುಡಿಮೆಣಸು

ಬೇರುಬಿಳಲು ಅಕ್ಕ ಹೇಳಿದ್ದು ಸರಿ. ಮೆಣಸಿನಕಾಯಿ ವಿಷಯದಲ್ಲಿ ಇನ್ನೊಂದೆರಡು ಮಾತು ಸೇರಿಸುತ್ತೇನೆ, ಅದು ನನಗೆ ತುಂಬಾ ಇಷ್ಟದ ಗಿಡ.

ಮೆಣಸಿನ ಬೀಜಕ್ಕೆ ಬೇಕಾಗಿದ್ದು ಶಾಖ. ಮಣ್ಣು 25ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಚೆನ್ನಾಗಿ ಮೊಳೆಯುತ್ತದೆ. ಚಳಿಗಾಲದಲ್ಲಿ ಕಿಟಕಿ ಕಟ್ಟೆ ಮೇಲೆ ರಾತ್ರಿ ಅಷ್ಟು ಶಾಖ ಇರುವುದೇ ಇಲ್ಲ. ಕೋಣೆಯ ಒಳಗೆ ನಮಗೆ ಬೆಚ್ಚಗಿದೆ ಅನ್ನಿಸಬಹುದು, ಆದರೆ ಗಾಜಿನ ಪಕ್ಕದ ಒದ್ದೆ ಮಣ್ಣು ಅದಕ್ಕಿಂತ ತಣ್ಣಗಿರುತ್ತದೆ. ಅದಕ್ಕೇ ಬೀಜ ವಾರಗಟ್ಟಲೆ ಸುಮ್ನೆ ಕೂತಿರುತ್ತದೆ, ಕೆಲವು ಅಲ್ಲೇ ಕೊಳೆಯುತ್ತವೆ. ಟ್ರೇಯನ್ನು ಕೆಳಗಿಂದ ಬಿಸಿ ಮಾಡುವ ಹೀಟ್ ಮ್ಯಾಟ್ ಇದ್ದರೆ ಬಳಸಿ. ಇಲ್ಲದಿದ್ದರೆ ಮನೆಯಲ್ಲಿ ಸದಾ ಬೆಚ್ಚಗಿರುವ ಮೂಲೆ ಹುಡುಕಿ. ಮೊಳೆಯುವ ತನಕ ಮೆಣಸಿಗೆ ಬೆಳಕು ಬೇಕಿಲ್ಲ, ಶಾಖ ಸಾಕು.

ಮೊಳಕೆ ಮೇಲೆ ಬಂದ ದಿನವೇ ಲೆಕ್ಕ ತಿರುಗುತ್ತದೆ. ಆಮೇಲೆ ಬೆಳಕು ಜಾಸ್ತಿ, ಶಾಖ ಕಡಿಮೆ. ಟ್ರೇಯನ್ನು ಮ್ಯಾಟ್ ಮೇಲಿಂದ ಇಳಿಸಿ ಬೆಳಕಿನ ಕೆಳಗೆ ಇಡಿ. ಕೆಲವು ಮೊಳಕೆಗಳು ಬಗ್ಗಿದ ಕುತ್ತಿಗೆ ಎತ್ತುವಾಗ ಬೀಜದ ಸಿಪ್ಪೆಯನ್ನೂ ತಲೆ ಮೇಲೆ ಹೊತ್ತುಕೊಂಡು ಬರುತ್ತವೆ. ಸಿಪ್ಪೆ ಒಣಗಿ ಎರಡು ಎಲೆಗಳನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಎಳೆದು ಕೀಳಬೇಡಿ. ಒಂದು ಹನಿ ನೀರು ಅದರ ಮೇಲೆ ಬಿಟ್ಟು ಸ್ವಲ್ಪ ಹೊತ್ತು ಬಿಡಿ. ಸಿಪ್ಪೆ ನೆನೆದು ಮೆತ್ತಗಾಗುತ್ತದೆ, ಎಲೆ ತಾನೇ ಬಿಡಿಸಿಕೊಳ್ಳುತ್ತದೆ.

ಎರೆಹುಳು

ನಾನು ಮಣ್ಣಿನ ಬಗ್ಗೆ ಮಾತ್ರ ಹೇಳುತ್ತೇನೆ. ಬೀಜಕ್ಕೆ ಇನ್ನೂ ಸಮಯ ಇದೆ, ಆದರೆ ಮಣ್ಣಿನ ಕೆಲಸ ಈಗಲೇ ಮಾಡಬೇಕು.

ಮೊದಲನೆಯದಾಗಿ, ಕೆಸರಿದ್ದಾಗ ಪಾತಿ ತುಳಿಯಬೇಡಿ. ಒದ್ದೆ ಮಣ್ಣನ್ನು ತುಳಿದರೆ ಅದರೊಳಗಿನ ಗಾಳಿಯ ಸಂದುಗಳು ಮುಚ್ಚಿಹೋಗುತ್ತವೆ. ನೀರು ಇಳಿಯುವುದಿಲ್ಲ, ಬೇರು ಇಳಿಯುವುದಿಲ್ಲ. ಹೋಗಲೇಬೇಕಾದರೆ ಒಂದು ಹಲಗೆ ಹಾಕಿ ಅದರ ಮೇಲೆ ನಿಲ್ಲಿ.

ಎರಡನೆಯದು ಅಗೆಯುವ ಪ್ರಶ್ನೆ. ನನ್ನ ಮಟ್ಟಿಗೆ ಪೂರ್ತಿ ಅಗೆಯುವುದು ಬೇಡ. ಅಗೆದರೆ ಕೆಳಗೆ ಮಲಗಿರುವ ಕಳೆಬೀಜಗಳು ಮೇಲೆ ಬರುತ್ತವೆ. ಬೆಳಕು ತಾಗಿದ ತಕ್ಷಣ ಎಷ್ಟೋ ಜಾತಿಯವು ಎದ್ದು ನಿಲ್ಲುತ್ತವೆ. ಅವು ಎಷ್ಟು ವರ್ಷ ಕಾಯಬಲ್ಲವು ಗೊತ್ತಾ? 1879ರಲ್ಲಿ ಅಮೆರಿಕದ ಮಿಚಿಗನ್‌ನಲ್ಲಿ ವಿಲಿಯಂ ಜೇಮ್ಸ್ ಬೀಲ್ ಎಂಬ ಸಸ್ಯಶಾಸ್ತ್ರಜ್ಞರು ಬೇರೆ ಬೇರೆ ಗಿಡಗಳ ಬೀಜಗಳನ್ನು ಮರಳಿನ ಜೊತೆ 20 ಬಾಟಲಿಗಳಲ್ಲಿ ತುಂಬಿ ನೆಲದಲ್ಲಿ ಹೂತಿಟ್ಟರು. 2021ರಲ್ಲಿ ಅದರಲ್ಲೊಂದು ಬಾಟಲಿ ತೆಗೆದು ಬಿತ್ತಿದಾಗಲೂ ಕೆಲವು ಬೀಜ ಮೊಳೆತವು. 142 ವರ್ಷ ಆದ ಮೇಲೆ! ನಿಮ್ಮ ಪ್ಲಾಟ್‌ನ ಕೆಳಗೆ ಏನೇನು ಮಲಗಿದೆಯೋ, ಅದನ್ನು ಮಲಗಲು ಬಿಡಿ.

ಹುಲ್ಲಿನ ಭಾಗಕ್ಕೆ ಒಂದು ಉಪಾಯ ಇದೆ. ಹುಲ್ಲನ್ನು ನೆಲಮಟ್ಟಕ್ಕೆ ಕತ್ತರಿಸಿ. ಟೇಪ್, ಪಿನ್ನು ತೆಗೆದ ರಟ್ಟಿನ ಪೆಟ್ಟಿಗೆಗಳನ್ನು ಬಿಡಿಸಿ ಒಂದರ ಮೇಲೊಂದು ಅಂಚು ಬರುವ ಹಾಗೆ ಹಾಸಿ ಚೆನ್ನಾಗಿ ನೆನೆಸಿ. ಅದರ ಮೇಲೆ ಕಳಿತ ಕಾಂಪೋಸ್ಟ್ ಹರಡಿ. ಕಳೆ ಇಲ್ಲದ ಪಾತಿಗೆ ರಟ್ಟು ಬೇಡ, 5 ಸೆಂಟಿಮೀಟರ್ ಕಾಂಪೋಸ್ಟ್ ಸಾಕು. ಕೆಳಗೆ ಎಳೆದುಕೊಂಡು ಹೋಗುವ ಕೆಲಸ ಎರೆಹುಳುಗಳದ್ದು.

ನೇಗಿಲು

ಎರೆಹುಳು ಅಣ್ಣನ ಮಾತಿಗೆ ಗೌರವ ಇದೆ, ಆದರೆ ಇಲ್ಲಿ ಪೂರ್ತಿ ಒಪ್ಪಲಾರೆ. ಯಾವ ಹುಲ್ಲು ಅನ್ನುವುದು ಮುಖ್ಯ ಅಲ್ವಾ? ಬರೀ ಬೀಜದಿಂದ ಹುಟ್ಟುವ ಹುಲ್ಲಾದರೆ ರಟ್ಟು ಸಾಕು. ನೆಲದೊಳಗೆ ಬಿಳಿ ಬಳ್ಳಿಯ ಥರ ಹರಿಯುವ ಬೇರಿನ ಹುಲ್ಲಾದರೆ ಅದು ರಟ್ಟಿನ ಸಂದಿಯಲ್ಲಿ, ಅಂಚಿನಲ್ಲಿ ಹೊರಗೆ ಬಂದೇ ಬರುತ್ತದೆ. ಒಂದು ಕಡೆ ಫೋರ್ಕ್ (ಹಲ್ಲುಗಳಿರುವ ಸಲಿಕೆ) ಹಾಕಿ ಎತ್ತಿ ನೋಡಿ. ಬೆಳ್ಳಗೆ, ಗಂಟುಗಂಟಾಗಿ, ತುದಿ ಚೂಪಾಗಿರುವ ಬೇರು ಸಿಕ್ಕಿದರೆ ಅಷ್ಟು ಭಾಗವನ್ನು ಫೋರ್ಕ್‌ನಲ್ಲೇ ಬಿಡಿಸಿ ಕೈಯಿಂದ ಆಯಬೇಕು. ಸಲಿಕೆಯಿಂದ ಕಡಿದರೆ ತುಂಡು ತುಂಡಾಗುತ್ತದೆ, ಗಂಟಿರುವ ಪ್ರತಿ ತುಂಡೂ ಹೊಸ ಗಿಡ. ಆಯ್ದ ಬೇರನ್ನು ಹಸಿಯಾಗಿ ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ.

ಮಣ್ಣು ಕೆಲಸಕ್ಕೆ ಬಂದಿದೆಯಾ ಅಂತ ತಿಳಿಯಲು ಒಂದು ಮುಷ್ಟಿ ಹಿಡಿದು ಒತ್ತಿ ಉಂಡೆ ಮಾಡಿ. ಬೆರಳಿನಿಂದ ತಟ್ಟಿ. ಪುಡಿಯಾಗಿ ಉದುರಿದರೆ ಶುರು ಮಾಡಿ. ಉಂಡೆಯಾಗಿಯೇ ಉಳಿದು ಬೆರಳಿನ ಗುರುತು ಮೂಡಿದರೆ ಮನೆಗೆ ಹೋಗಿ, ಇನ್ನೊಂದು ವಾರ ಬಿಟ್ಟು ಬನ್ನಿ.

ಎರೆಹುಳು

ನೇಗಿಲು ಸರ್, ಬಳ್ಳಿಬೇರಿನ ಹುಲ್ಲಿಗೆ ನಿಮ್ಮ ಮಾತೇ ಸರಿ. ಒಂದು ಸೇರಿಸುತ್ತೇನೆ. ಅಷ್ಟು ಜಾಗ ಈ ವರ್ಷವೇ ಬೇಕಿಲ್ಲ ಅಂದರೆ ಬೆಳಕು ತೂರದ ಕಪ್ಪು ಹೊದಿಕೆ ಹಾಸಿ ಒಂದು ಪೂರ್ತಿ ಬೆಳೆಗಾಲ ಮುಚ್ಚಿಡಬಹುದು. ಬೆಳಕಿಲ್ಲದೆ ಬೇರಿನೊಳಗಿನ ಆಹಾರ ಖಾಲಿಯಾಗಿ ಸೊರಗುತ್ತದೆ. ಹೊಸಬರು ಮೊದಲ ವರ್ಷ ಪ್ಲಾಟ್ ಪೂರ್ತಿ ಬೆಳೆಯಬೇಕು ಅಂತೇನೂ ಇಲ್ಲ. ಅರ್ಧವನ್ನು ಚೆನ್ನಾಗಿ ನೋಡಿಕೊಂಡರೆ ಸಾಕು.

ಹೊಸಪಾತಿ

ಇಷ್ಟು ಬೇಗ ಇಷ್ಟೊಂದು ಉತ್ತರ, ತುಂಬಾ ಧನ್ಯವಾದ. ಇವತ್ತು ಫೋರ್ಕ್ ಹಾಕಿ ನೋಡಿದೆ. ಬೇಲಿ ಕಡೆ ಬಿಳಿ ಬೇರು ಇದೆ, ಉಳಿದ ಕಡೆ ಇಲ್ಲ. ಹಾಗಾಗಿ ಬೇಲಿ ಕಡೆಯನ್ನು ಮುಚ್ಚಿಡುತ್ತೇನೆ. ಪಕ್ಕದ ಪ್ಲಾಟ್‌ನವರು ಕುದುರೆ ಗೊಬ್ಬರ ಬೇಕಾದಷ್ಟು ತೆಗೆದುಕೊಳ್ಳಿ ಅಂತ ಹೇಳಿದ್ದಾರೆ. ನೇರವಾಗಿ ಹಾಕಬಹುದಾ?

ತೊಂಡೆಬಳ್ಳಿ

ದಯವಿಟ್ಟು ಪರೀಕ್ಷೆ ಮಾಡದೆ ಹಾಕಬೇಡಿ! ಇದನ್ನು ಎಷ್ಟು ಜೋರಾಗಿ ಹೇಳಿದರೂ ಕಡಿಮೆ.

ಗೊಬ್ಬರ ಹಸಿಯೋ ಕಳಿತಿದೆಯೋ ಅನ್ನುವುದು ಒಂದು ವಿಷಯ. ಹಸಿ ಇದ್ದರೆ ಕಳಿಯಲು ಬಿಡಬೇಕು, ಅದು ಎಲ್ಲರಿಗೂ ಗೊತ್ತು. ನಾನು ಹೇಳುತ್ತಿರುವುದು ಕಳೆನಾಶಕದ ಬಗ್ಗೆ. ಹುಲ್ಲುಗಾವಲಿನಲ್ಲಿ ಅಗಲ ಎಲೆಯ ಕಳೆ ಸಾಯಲಿ ಅಂತ ಅಮೈನೋಪೈರಾಲಿಡ್, ಕ್ಲೋಪೈರಾಲಿಡ್‌ನಂಥ ಔಷಧಿ ಹೊಡೆಯುತ್ತಾರೆ. ಅದು ಹುಲ್ಲಿಗೆ ಏನೂ ಮಾಡುವುದಿಲ್ಲ. ಆ ಹುಲ್ಲು ತಿಂದ ಕುದುರೆ, ಹಸುವಿನ ಹೊಟ್ಟೆಯಲ್ಲೂ ಕರಗುವುದಿಲ್ಲ, ಹಾಗೇ ಸಗಣಿಗೆ ಬರುತ್ತದೆ. ಗೊಬ್ಬರ ಕಳಿತು ಕಪ್ಪಗಾಗಿ ಮಣ್ಣಿನ ವಾಸನೆ ಬರುತ್ತಿದ್ದರೂ ಅದರೊಳಗೆ ಉಳಿದಿರಬಹುದು. ಕೊಟ್ಟವರಿಗೂ ಗೊತ್ತಿರುವುದಿಲ್ಲ, ಯಾಕೆಂದರೆ ಒಣಹುಲ್ಲು ಇನ್ನೆಲ್ಲಿಂದಲೋ ಬಂದಿರುತ್ತದೆ. ಅಂಥ ಗೊಬ್ಬರ ಹಾಕಿದ ಪಾತಿಯಲ್ಲಿ ಟೊಮೆಟೊ, ಬೀನ್ಸ್, ಬಟಾಣಿ, ಆಲೂಗಡ್ಡೆ ಹಾಳಾಗುತ್ತವೆ.

ಪರೀಕ್ಷೆ ಸುಲಭ, ಈ ಸಮಯದಲ್ಲೇ ಮಾಡಬೇಕಾದದ್ದು. ಗೊಬ್ಬರದ ರಾಶಿಯ ಬೇರೆ ಬೇರೆ ಕಡೆಯಿಂದ ಸ್ವಲ್ಪ ಸ್ವಲ್ಪ ತೆಗೆಯಿರಿ. ಚೀಲದಲ್ಲಿ ಬರುವ ಕುಂಡದ ಮಿಶ್ರಣದ ಜೊತೆ ಅರ್ಧಕ್ಕರ್ಧ ಬೆರೆಸಿ ಕೆಲವು ಕುಂಡಗಳಿಗೆ ತುಂಬಿ. ಇನ್ನು ಕೆಲವು ಕುಂಡಗಳಿಗೆ ಗೊಬ್ಬರ ಇಲ್ಲದ ಮಿಶ್ರಣ ಮಾತ್ರ. ಎಲ್ಲದರಲ್ಲೂ ಬೀನ್ಸ್ ಬೀಜ ಹಾಕಿ. ಪ್ರತಿ ಕುಂಡಕ್ಕೂ ಬೇರೆ ಬೇರೆ ತಟ್ಟೆ ಇಡಿ, ಒಂದರಿಂದ ಇಳಿದ ನೀರು ಇನ್ನೊಂದಕ್ಕೆ ಹೋಗಬಾರದು. ಮನೆಯೊಳಗೆ ಬೆಚ್ಚಗೆ ಇಟ್ಟು ಮೂರು ನಾಲ್ಕು ವಾರ ಬೆಳೆಸಿ.

ಮೊದಲ ಜೋಡಿ ಎಲೆ ನೋಡಿ ಮೋಸ ಹೋಗಬೇಡಿ. ಆಮೇಲೆ ಬರುವ ಮೂರೆಲೆಯ ಗೊಂಚಲನ್ನು ಗಮನಿಸಿ. ಆರೋಗ್ಯದ ಗಿಡದಲ್ಲಿ ಅದು ಅಗಲವಾಗಿ ಚಪ್ಪಟೆಯಾಗಿ ಬಿಚ್ಚಿಕೊಳ್ಳುತ್ತದೆ. ಔಷಧಿ ಇದ್ದರೆ ಎಲೆಯ ಅಂಚು ಬಟ್ಟಲಿನ ಹಾಗೆ ಒಳಗೆ ಮಡಚಿಕೊಳ್ಳುತ್ತದೆ, ನರಗಳು ಒತ್ತೊತ್ತಾಗಿ ಒಂದರ ಪಕ್ಕ ಒಂದು ನಿಲ್ಲುತ್ತವೆ, ಕಾಂಡ ತಿರುಚಿಕೊಳ್ಳುತ್ತದೆ. ಗೊಬ್ಬರದ ಕುಂಡಗಳಲ್ಲಿ ಮಾತ್ರ ಹೀಗೆ ಕಂಡರೆ ಆ ರಾಶಿಯನ್ನು ಮುಟ್ಟಬೇಡಿ. ಪಕ್ಕದವರಿಗೂ ಹೇಳಿ, ಅವರ ಬೆಳೆಯೂ ಉಳಿಯುತ್ತದೆ.

ಬೇರುಬಿಳಲು

ತೊಂಡೆಬಳ್ಳಿ ಬರೆದಿದ್ದನ್ನು ಈ ವೇದಿಕೆಯಲ್ಲಿ ಮೇಲೆ ಪಿನ್ ಮಾಡಿಡಬೇಕು.

ಪುದೀನ

ಮಧ್ಯೆ ಒಂದು ಪ್ರಶ್ನೆ. ನನ್ನ ಬಳಿ ಹಳೆಯ ಬೀಜ ತುಂಬಾ ಇವೆ. ಪ್ಯಾಕೆಟ್ ಮೇಲಿನ ದಿನಾಂಕ ಮುಗಿದಿದೆ. ಬಿಸಾಡಲಾ?

ಕುಡಿಮೆಣಸು

ಬಿಸಾಡುವ ಮುಂಚೆ ಪರೀಕ್ಷೆ ಮಾಡಿ. ಒದ್ದೆ ಮಾಡಿ ಹಿಂಡಿದ ಪೇಪರ್ ಟವೆಲ್ ಮೇಲೆ 10 ಬೀಜ ಇಟ್ಟು ಮಡಚಿ, ಡಬ್ಬಿಯಲ್ಲಿ ಮುಚ್ಚಿ ಬೆಚ್ಚಗಿಡಿ. 7 ಅಥವಾ 8 ಮೊಳೆತರೆ ಧೈರ್ಯವಾಗಿ ಬಿತ್ತಿ. 4 ಅಥವಾ 5 ಬಂದರೆ ಎರಡರಷ್ಟು ದಟ್ಟವಾಗಿ ಹಾಕಿ. ಅದಕ್ಕಿಂತ ಕಡಿಮೆ ಬಂದರೆ ಹೊಸದು ತನ್ನಿ. ಟೊಮೆಟೊ, ಸೌತೆ, ಕುಂಬಳದ ಬೀಜ ಒಣ ಜಾಗದಲ್ಲಿ ತಣ್ಣಗಿದ್ದರೆ ನಾಲ್ಕೈದು ವರ್ಷ ಬರುತ್ತದೆ. ಈರುಳ್ಳಿ ಬೀಜ ಮಾತ್ರ ಒಂದೆರಡು ವರ್ಷಕ್ಕೆ ಶಕ್ತಿ ಕಳೆದುಕೊಳ್ಳುತ್ತದೆ, ಅದನ್ನು ಪ್ರತಿ ವರ್ಷ ಹೊಸದಾಗಿ ತರುವುದೇ ಒಳ್ಳೆಯದು.

ಹೊಸಪಾತಿ

ಈರುಳ್ಳಿ ಮೊಳೆತಿದೆ! ತೆಳ್ಳಗೆ ಹಸಿರು ದಾರದ ಹಾಗೆ ಮಡಚಿಕೊಂಡು ಮೇಲೆ ಬಂದಿದೆ, ನೋಡಿ ತುಂಬಾ ಖುಷಿಯಾಯಿತು. ಆದರೆ ಅದೇ ಟ್ರೇಯ ಇನ್ನೊಂದು ತುದಿಯಲ್ಲಿ ಹಾಕಿದ್ದ ಎಲೆಕೋಸಿನ ಸಸಿಗಳು ಉದ್ದುದ್ದ ಬೆಳೆದು ಕಿಟಕಿ ಕಡೆ ವಾಲಿವೆ. ಇವತ್ತು ಬೆಳಿಗ್ಗೆ ನಾಲ್ಕೈದು ಸಸಿ ಬುಡದಲ್ಲೇ ಬಿದ್ದಿವೆ. ನೀರು ಕಡಿಮೆಯಾಯಿತಾ?

ಹಸಿರುಗೈ

ನೀರು ಕಡಿಮೆಯಲ್ಲ, ಜಾಸ್ತಿ ಆಗಿರಬೇಕು. ಬಿದ್ದ ಸಸಿಯ ಬುಡವನ್ನು ಹತ್ತಿರದಿಂದ ನೋಡಿ. ಮಣ್ಣಿಗೆ ತಾಗುವ ಜಾಗದಲ್ಲಿ ಕಾಂಡ ಕಂದಾಗಿ, ನೀರು ಕುಡಿದ ಹಾಗೆ ಮೆತ್ತಗಾಗಿ, ದಾರದಷ್ಟು ಸಣ್ಣಗಾಗಿದ್ದರೆ ಅದು ಸಸಿ ಕೊಳೆ ರೋಗ. ಮೇಲಿನ ಎಲೆ ಇನ್ನೂ ಹಸಿರಾಗಿಯೇ ಇರುತ್ತದೆ. ಪಿಥಿಯಂ, ರೈಜೋಕ್ಟೋನಿಯಾದಂಥ ಸೂಕ್ಷ್ಮಜೀವಿಗಳು ಇದಕ್ಕೆ ಕಾರಣ. ತಣ್ಣಗಿನ ಒದ್ದೆ ಮಣ್ಣು, ಗಾಳಿ ಆಡದ ಮುಚ್ಚಳ, ಒತ್ತೊತ್ತಾಗಿ ಬಿತ್ತಿದ ಟ್ರೇ ಅಂದರೆ ಅವುಗಳಿಗೆ ಅನುಕೂಲ.

ಬಿದ್ದ ಸಸಿ ಬದುಕುವುದಿಲ್ಲ. ಅವುಗಳನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದುಬಿಡಿ. ಮುಚ್ಚಳ ತೆಗೆಯಿರಿ. ಒಂದು ಸಣ್ಣ ಫ್ಯಾನನ್ನು ನಿಧಾನವಾಗಿ ತಿರುಗುವಂತೆ ಇಡಿ. ಮೇಲಿಂದ ನೀರು ಹಾಕುವುದನ್ನು ನಿಲ್ಲಿಸಿ. ಟ್ರೇಯನ್ನು ನೀರಿರುವ ತಟ್ಟೆಯಲ್ಲಿ ಇಟ್ಟು ಕೆಳಗಿಂದ ಕುಡಿಯಲು ಬಿಡಿ. ಮಣ್ಣಿನ ಮೇಲ್ಭಾಗ ಬಣ್ಣ ಬದಲಾದ ತಕ್ಷಣ ಎತ್ತಿ ಬಸಿಯಲು ಇಡಿ. ಮುಂದಿನ ಸಲ ಕುಂಡ, ಟ್ರೇಗಳನ್ನು ಬಳಸುವ ಮುಂಚೆ ಸೋಪು ನೀರಲ್ಲಿ ಉಜ್ಜಿ ತೊಳೆಯಿರಿ. ಬಿತ್ತಲು ಹೊಸ ಮಿಶ್ರಣವನ್ನೇ ಬಳಸಿ, ಪ್ಲಾಟ್‌ನ ಮಣ್ಣು ಬೇಡ.

ಉದ್ದವಾಗಿದ್ದು ಬೆಳಕು ಸಾಲದೆ. ಚಳಿಗಾಲದ ಕೊನೆಯಲ್ಲಿ ಹಗಲು ಚಿಕ್ಕದು, ಮೋಡ ಬೇರೆ. ಕಿಟಕಿಯಲ್ಲಿ ಬೆಳಕು ಒಂದೇ ಕಡೆಯಿಂದ ಬರುತ್ತದೆ. ಬಿಳಿ ಎಲ್‌ಇಡಿ ದೀಪ ದಿನಕ್ಕೆ 14ರಿಂದ 16 ಗಂಟೆ ಉರಿಯಲಿ, ರಾತ್ರಿ ಆರಿಸಿ. ದೀಪ ಎತ್ತರದಲ್ಲಿದ್ದರೆ ಪ್ರಯೋಜನ ಇಲ್ಲ, ಸಾಮಾನ್ಯ ಟ್ಯೂಬ್ ಆದರೆ ಸಸಿಯ ತಲೆಯಿಂದ ಒಂದು ಗೇಣಿಗಿಂತ ಕಡಿಮೆ ಅಂತರದಲ್ಲಿ ಇರಲಿ. ದಿನಕ್ಕೆ ಒಂದೆರಡು ಸಲ ಅಂಗೈಯಿಂದ ಸಸಿಗಳ ತಲೆ ಮೇಲೆ ಮೆಲ್ಲಗೆ ಸವರಿ. ಹಾಗೆ ಅಲುಗಾಡಿದ ಸಸಿ ಗಿಡ್ಡವಾಗಿ, ದಪ್ಪ ಕಾಂಡದಲ್ಲಿ ಬೆಳೆಯುತ್ತದೆ.

ಬೇರುಬಿಳಲು

ಹಸಿರುಗೈ ಹೇಳಿದ್ದಕ್ಕೆ ಒಂದು ಮಾತು. ಟೊಮೆಟೊ ಸಸಿ ಉದ್ದವಾದರೆ ಅಷ್ಟು ಚಿಂತೆ ಬೇಡ. ದೊಡ್ಡ ಕುಂಡಕ್ಕೆ ಬದಲಿಸುವಾಗ ಕೆಳಗಿನ ಎಲೆಯ ತನಕ ಆಳವಾಗಿ ಹೂತರೆ ಕಾಂಡದಿಂದಲೇ ಹೊಸ ಬೇರು ಬರುತ್ತದೆ. ಸಸಿಯನ್ನು ಎತ್ತುವಾಗ ಎಲೆ ಹಿಡಿದೇ ಎತ್ತಿ, ಕಾಂಡ ಹಿಡಿಯಬೇಡಿ. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ನಜ್ಜಾದರೆ ಗಿಡವೇ ಹೋಯಿತು.

ಗಡ್ಡೆಗೆಣಸು

ಯಾರೂ ಆಲೂಗಡ್ಡೆ ಬಗ್ಗೆ ಹೇಳಲಿಲ್ಲ! ಬಿತ್ತನೆ ಗೆಡ್ಡೆ ತಂದಿದ್ದರೆ ಈಗಲೇ ಮೊಳಕೆ ಬರಿಸಲು ಇಡಿ. ಮೊಟ್ಟೆ ಟ್ರೇಯಲ್ಲಿ, ಕಣ್ಣು ಜಾಸ್ತಿ ಇರುವ ತುದಿ ಮೇಲೆ ಬರುವ ಹಾಗೆ ನಿಲ್ಲಿಸಿ. ಜಾಗ ತಣ್ಣಗಿರಲಿ, 10 ಡಿಗ್ರಿ ಆಸುಪಾಸು, ಆದರೆ ಫ್ರಾಸ್ಟ್ ತಾಗಬಾರದು. ಬೆಳಕು ಬೇಕೇ ಬೇಕು. ಕತ್ತಲಲ್ಲಿಟ್ಟರೆ ಬಿಳಿ, ಉದ್ದ, ಮುಟ್ಟಿದರೆ ಮುರಿಯುವ ಮೊಳಕೆ. ಬೆಳಕಲ್ಲಿಟ್ಟರೆ ಗಿಡ್ಡ, ಗಟ್ಟಿ ಮೊಳಕೆ. ನಾಲ್ಕರಿಂದ ಆರು ವಾರದಲ್ಲಿ ನೆಡಲು ಸಿದ್ಧ.

ಹಿಂದಿನವರು ಬಿಟ್ಟುಹೋದ ಆಲೂಗಡ್ಡೆ ಪಾತಿಯಲ್ಲಿ ಸಿಕ್ಕಿದರೆ ಎಲ್ಲವನ್ನೂ ಕಿತ್ತು ತೆಗೆಯಿರಿ. ಅಂಗಮಾರಿ ರೋಗ ಅಂಥ ಗೆಡ್ಡೆಗಳಲ್ಲೇ ಚಳಿಗಾಲ ಕಳೆದು ಆಮೇಲೆ ಟೊಮೆಟೊಗೂ ಹರಡುತ್ತದೆ. ಒಲೆ ಬೂದಿ ಇದೆ ಅಂತ ಆಲೂಗಡ್ಡೆ ಪಾತಿಗೆ ಸುರಿಯಬೇಡಿ. ಬೂದಿ ಮಣ್ಣಿನ ಹುಳಿ ಕಡಿಮೆ ಮಾಡುತ್ತದೆ, ಆಗ ಗೆಡ್ಡೆಯ ಸಿಪ್ಪೆಯ ಮೇಲೆ ಕಜ್ಜಿ ಜಾಸ್ತಿ.

ನೇಗಿಲು

ಕೊಳೆತ ಕೋಸಿನ ದಂಟು ಅಂದಿರಲ್ಲ, ಅದನ್ನು ಕೀಳುವಾಗ ಬೇರು ನೋಡಿ. ಬೇರು ಊದಿಕೊಂಡು ಗಂಟುಗಂಟಾಗಿ ವಿಕಾರವಾಗಿದ್ದರೆ ಗಂಟುಬೇರು ರೋಗ ಇದೆ ಅಂತ ಅರ್ಥ. ಅದು ಮಣ್ಣಿನಲ್ಲಿ ಹತ್ತು ಹದಿನೈದು ವರ್ಷವೂ ಉಳಿಯಬಲ್ಲದು. ಆ ಬೇರನ್ನು ಕಾಂಪೋಸ್ಟ್‌ಗೆ ಹಾಕದೆ ಹೊರಗೆ ಸಾಗಿಸಿ. ಆ ಪಾತಿಯಲ್ಲಿ ಕೋಸು, ಹೂಕೋಸು, ಮೂಲಂಗಿ ಜಾತಿ ಯಾವುದನ್ನೂ ಹಾಕಬೇಡಿ. ಬೇರು ನೆಟ್ಟಗೆ ಶುದ್ಧವಾಗಿದ್ದರೆ ಸಮಾಧಾನ, ಆದರೂ ಈ ವರ್ಷ ಅಲ್ಲಿ ಬಟಾಣಿ, ಬೀನ್ಸ್ ಹಾಕಿ. ಅಲ್ಲೆಲ್ಲಾ ಬಿದ್ದಿರುವ ಹಲಗೆ, ಕಲ್ಲುಗಳನ್ನು ಎತ್ತಿ ನೋಡಿ. ಸಾಸಿವೆಗಿಂತ ಸ್ವಲ್ಪ ದೊಡ್ಡದಾದ, ಬೆಳ್ಳಗೆ ಹೊಳೆಯುವ ಮಣಿಗಳ ಗೊಂಚಲು ಇದ್ದರೆ ಅವು ಗೊಂಡೆಹುಳದ (ಚಿಪ್ಪಿಲ್ಲದ ಬಸವನಹುಳದ) ಮೊಟ್ಟೆ. ಬಯಲಿಗೆ ಹಾಕಿ, ಹಕ್ಕಿಗಳು ತಿನ್ನುತ್ತವೆ.

ಹೊಸಪಾತಿ

ಕೋಸಿನ ಬೇರು ಶುದ್ಧವಾಗಿದೆ, ಎಲ್ಲವನ್ನೂ ಕಿತ್ತು ನೋಡಿದೆ. ದೀಪ ತಂದು ಹಾಕಿದ್ದೇನೆ, ಆಮೇಲೆ ಹೊಸದಾಗಿ ಯಾವ ಸಸಿಯೂ ಬಿದ್ದಿಲ್ಲ. ಗೊಬ್ಬರದ ಕುಂಡಗಳಲ್ಲಿ ಬೀನ್ಸ್ ಈಗ ತಾನೇ ತಲೆ ಎತ್ತುತ್ತಿವೆ, ಫಲಿತಾಂಶ ಇಲ್ಲೇ ಹಾಕುತ್ತೇನೆ. ಕೊನೆಯ ಪ್ರಶ್ನೆ. ಎರಡು ದಿನದಿಂದ ಒಳ್ಳೆಯ ಬಿಸಿಲು. ಪಕ್ಕದವರು ಬಟಾಣಿ ಬಿತ್ತಿದ್ದಾರೆ. ನಾನೂ ಹಾಕಲಾ?

ಎರೆಹುಳು

ಬಿಸಿಲು ನೋಡಿ ನಿರ್ಧಾರ ಮಾಡಬೇಡಿ, ಮಣ್ಣನ್ನು ಕೇಳಿ. ಮಣ್ಣಿಗೆ ಚುಚ್ಚುವ ಥರ್ಮಾಮೀಟರ್ ಒಂದು ತನ್ನಿ. ಬೆಳಿಗ್ಗೆ ಹೊತ್ತು, ಬೀಜ ಇಳಿಯುವಷ್ಟು ಆಳಕ್ಕೆ, ಅಂದರೆ ಸುಮಾರು 5 ಸೆಂಟಿಮೀಟರ್ ಚುಚ್ಚಿ ನೋಡಿ. ಮಧ್ಯಾಹ್ನ ನೋಡಿದರೆ ಅಂಕಿ ಹೆಚ್ಚಾಗಿ ಕಾಣುತ್ತದೆ. ಬಟಾಣಿ 5 ಡಿಗ್ರಿಗೂ ಮೊಳೆಯುತ್ತದೆ, ಆದರೆ ಅಷ್ಟು ತಣ್ಣಗಿದ್ದರೆ ವಾರಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಕೊಳೆಯಬಹುದು, ಇಲಿ ತಿನ್ನಬಹುದು. ಒಂದು ವಾರ ಪೂರ್ತಿ ಬೆಳಿಗ್ಗೆ 8ರಿಂದ 10 ಡಿಗ್ರಿ ತೋರಿಸಿದರೆ ಹಾಕಿ. ಕ್ಯಾರೆಟ್‌ಗೂ ಹೆಚ್ಚುಕಡಿಮೆ ಇದೇ ಲೆಕ್ಕ. ಬೀನ್ಸ್‌ಗೆ ಮಾತ್ರ 15 ಡಿಗ್ರಿ ಬೇಕು, ಅದಿನ್ನೂ ದೂರ ಇದೆ.

ಬೇಗ ಬೆಚ್ಚಗಾಗಬೇಕು ಅಂದರೆ ಬಟಾಣಿ ಪಾತಿಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಬಿಗಿಯಾಗಿ ಹೊದಿಸಿ ಅಂಚಿಗೆ ಮಣ್ಣು ಹಾಕಿ. ಮಳೆಯೂ ಒಳಗೆ ಇಳಿಯುವುದಿಲ್ಲ, ಒದ್ದೆ ಮಣ್ಣಿಗಿಂತ ಒಣ ಮಣ್ಣು ಬೇಗ ಬಿಸಿಯಾಗುತ್ತದೆ. ಅದರ ಕೆಳಗೆ ಕಳೆಯೂ ಮೊಳೆಯುತ್ತದೆ, ಬಿತ್ತುವ ಮುಂಚೆ ಗುದ್ದಲಿಯಲ್ಲಿ ಮೇಲೆ ಮೇಲೆ ಕೆರೆದು ತೆಗೆಯಿರಿ, ಆಳಕ್ಕೆ ಹೋಗಬೇಡಿ.

ಹಸಿರುಗೈ

ಎಲೆಕೋಸು ಸಸಿಗಳನ್ನು ಹೊರಗೆ ನೆಡುವ ಮುಂಚೆ ಒಂದು ವಾರದಿಂದ ಹತ್ತು ದಿನ ಅಭ್ಯಾಸ ಮಾಡಿಸಿ. ಮೊದಲ ದಿನ ನೆರಳಲ್ಲಿ, ಗಾಳಿ ಬೀಸದ ಕಡೆ ಒಂದೆರಡು ಗಂಟೆ. ದಿನ ದಿನ ಸ್ವಲ್ಪ ಜಾಸ್ತಿ ಮಾಡಿ. ಕೊನೆಯಲ್ಲಿ ಫ್ರಾಸ್ಟ್ ಇಲ್ಲದ ರಾತ್ರಿ ಹೊರಗೇ ಇಡಿ. ದೀಪದ ಕೆಳಗೆ ಬೆಳೆದ ಎಲೆ ಒಂದೇ ಸಲ ಬಿಸಿಲಿಗೆ ಹೋದರೆ ಬೆಳ್ಳಗೆ ಸುಟ್ಟುಹೋಗುತ್ತದೆ.

ತೊಂಡೆಬಳ್ಳಿ

ಬೀನ್ಸ್ ಕುಂಡಗಳ ಫೋಟೊ ಹಾಕುವಾಗ ಗೊಬ್ಬರ ಇಲ್ಲದ ಕುಂಡವನ್ನೂ ಪಕ್ಕದಲ್ಲೇ ಇಟ್ಟು ತೆಗೆಯಿರಿ. ಮೂರೆಲೆಯ ಗೊಂಚಲು ಎರಡು ಸುತ್ತು ಬರುವ ತನಕ ಕಾಯಿರಿ, ಅಲ್ಲಿಯವರೆಗೆ ಗೊಬ್ಬರದ ರಾಶಿಯನ್ನು ಪಾತಿಯ ಹತ್ತಿರ ತರಬೇಡಿ.